ಕಾರಣವಿಲ್ಲದ ದುಃಖ: ಬಲ್ಖಿ ಹೇಳಿದ್ದೇನು?

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿ ಕುಳಿತರೆ ನಾವು ಮೊದಲು ಕೇಳುವುದು 'ನಿನಗೇನು ಕಡಿಮೆಯಾಗಿದೆ?' ಎಂದು. ಗಂಡ ಒಳ್ಳೆಯವನು, ಮಕ್ಕಳು ಓದುತ್ತಿದ್ದಾರೆ, ಸಾಲವಿಲ್ಲ. ಹಾಗಾದರೆ ಇದು ಸೋಮಾರಿತನ, ಇಲ್ಲವೇ ಈಮಾನಿನ ಕೊರತೆ, ಅದೂ ಅಲ್ಲದಿದ್ದರೆ ಯಾರದೋ ಕಣ್ಣು ಬಿದ್ದಿರಬೇಕು. ಕಾರಣ ಸಿಗದ ದುಃಖವನ್ನು ನಾವು ದುಃಖವೆಂದು ಒಪ್ಪುವುದೇ ಇಲ್ಲ.

ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ಒಪ್ಪಿದ್ದರು. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತದವರಾದ ಅವರು 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಕೃತಿಯಲ್ಲಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಚರ್ಚಿಸುತ್ತಾರೆ. ಅದರಲ್ಲಿ ದುಃಖ ಎರಡು ಬಗೆ. ಆಪ್ತರ ಮರಣ, ಸಂಪತ್ತಿನ ನಷ್ಟದಂತಹ ಗೊತ್ತಿರುವ ಕಾರಣದಿಂದ ಬರುವುದು ಒಂದು. ಇನ್ನೊಂದು, ಏಕೆಂದು ತಿಳಿಯದೆ ಮನುಷ್ಯನನ್ನು ಆವರಿಸಿ, ಕೆಲಸದ ಹುರುಪನ್ನೂ ಸುಖದ ರುಚಿಯನ್ನೂ ಕಸಿದುಕೊಳ್ಳುವುದು. ಈ ಎರಡನೆಯದರ ಮೂಲ ದೇಹದಲ್ಲಿದೆ, ರಕ್ತದ ದೋಷದಲ್ಲಿದೆ, ಆದ್ದರಿಂದ ಅದಕ್ಕೆ ವೈದ್ಯರ ಚಿಕಿತ್ಸೆ ಬೇಕೆಂದು ಬಲ್ಖಿ ಬರೆದರು. ಜೊತೆಗೆ ಮೃದುವಾದ ಮಾತು, ಮನಸ್ಸಿಗೆ ಹಿತವಾಗುವ ಸಂಗತಿಗಳೂ ಇರಲಿ ಎಂದರು. ಗಮನಿಸಿ, ಇಲ್ಲಿ ರೋಗಿಯ ಮೇಲೆ ಆರೋಪವಿಲ್ಲ.

ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ ಈ ಕೃತಿಯ ಮನಸ್ಸಿನ ಭಾಗವನ್ನು 2013ರಲ್ಲಿ ಇಂಗ್ಲಿಷಿಗೆ ತಂದರು. ಆಧುನಿಕ ಚಿಕಿತ್ಸಾ ಪದ್ಧತಿಯೊಂದನ್ನು ಬಲ್ಖಿ ಶತಮಾನಗಳ ಮೊದಲೇ ಕಂಡುಕೊಂಡಿದ್ದರು ಎಂಬುದು ಅವರ ವಾದ. ಅನುವಾದಕ್ಕೆ ನಾವು ಋಣಿಗಳು. ಆದರೆ 'ನಮ್ಮವರೇ ಮೊದಲು' ಎಂಬ ಹೆಮ್ಮೆಗೆ ಪುಸ್ತಕ ಬಳಕೆಯಾಗುವುದನ್ನು ಕಂಡರೆ ಬೇಸರವಾಗುತ್ತದೆ. ವೇದಿಕೆಯಲ್ಲಿ ಬಲ್ಖಿಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದವರೇ ಮನೆಗೆ ಬಂದು, ಹಾಸಿಗೆ ಬಿಟ್ಟೇಳದ ಸೊಸೆಗೆ 'ಎರಡು ರಕಅತ್ ಹೆಚ್ಚು ನಮಾಝ್ ಮಾಡು, ಸರಿಹೋಗುತ್ತದೆ' ಎನ್ನುತ್ತಾರೆ! ನಮಾಝ್ ಸಾಂತ್ವನ ಕೊಡಬಹುದು; ಅದನ್ನು ವೈದ್ಯರ ಬಾಗಿಲಿಗೆ ಅಡ್ಡವಾಗಿ ಇಡುವುದೇಕೆ?

ಬಲ್ಖಿಯಲ್ಲಿ ಕೊರತೆಗಳೂ ಇವೆ. ರಕ್ತದೋಷದ ಸಿದ್ಧಾಂತ ಇಂದು ನಿಲ್ಲುವುದಿಲ್ಲ. ಮಿದುಳಿನಲ್ಲಿ ಸೆರಟೋನಿನ್ ಕಡಿಮೆಯಾಗುವುದೇ ಖಿನ್ನತೆ ಎಂಬ ನಮ್ಮ ಕಾಲದ ಸರಳ ವಿವರಣೆಯನ್ನೂ 2022ರ ಸಂಶೋಧನಾ ವಿಮರ್ಶೆಯೊಂದು ಪ್ರಶ್ನಿಸಿತು. ಹಾಗೆಂದು ಮಾತ್ರೆ, ಆಪ್ತಸಮಾಲೋಚನೆಗಳಿಂದ ಉಪಯೋಗವಿಲ್ಲವೆಂದಲ್ಲ. ಎಷ್ಟೋ ಜನ ಅವುಗಳಿಂದ ಚೇತರಿಸಿಕೊಂಡಿದ್ದಾರೆ. ಕಾರಣ ಪೂರ್ತಿ ತಿಳಿಯುವವರೆಗೆ ಕಾಯಬೇಕಿಲ್ಲ, ಅಷ್ಟೆ.

ನಮಗೆ ಹೆಚ್ಚು ಖೇದವೆನಿಸಿದ್ದು ಬೇರೆ. ಕಾರಣವಿರುವ ದುಃಖಕ್ಕೆ ಬಲ್ಖಿ ವಿಸ್ತಾರವಾಗಿ ಸಮಾಧಾನ ಹೇಳುತ್ತಾರೆ, ಕಾರಣವಿಲ್ಲದ್ದನ್ನು ಬೇಗನೆ ವೈದ್ಯರಿಗೆ ಒಪ್ಪಿಸಿ ಮುಂದೆ ಹೋಗುತ್ತಾರೆ. ಅಂಥವರ ಪಕ್ಕದಲ್ಲಿ ದಿನವಿಡೀ ಇರುವ ಅಮ್ಮ, ಗಂಡ, ತಂಗಿ ಏನು ಮಾಡಬೇಕು? 'ಯಾಕೆ ಹೀಗಿದ್ದೀ?' ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರುವುದಿಲ್ಲ, ಉತ್ತರವಿಲ್ಲವೆಂಬ ನಾಚಿಕೆ ಮಾತ್ರ ಬೆಳೆಯುತ್ತದೆ. 'ನಿನ್ನೆ ರಾತ್ರಿ ನಿದ್ದೆ ಬಂತಾ? ಏನಾದರೂ ತಿಂದೆಯಾ? ಡಾಕ್ಟರ ಹತ್ತಿರ ನಾನೂ ಜೊತೆಗೆ ಬರಲಾ?' ಎಂದರೆ ಅವರೂ ಉತ್ತರಿಸಬಲ್ಲರು.