ಅಂಚಿನವರೆಗೆ ಓದುವ ಡ್ರೈವ್

ಡಿಸ್ಕಿನ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದದ್ದು ಇಷ್ಟೇ: ‘ಕರ್ಣಪರ್ವ, ಚಾವಡಿ, 1991’. ಆಲಂಕಾರಿನ ನಮ್ಮ ಹಿರಿಯರ ಮನೆಯ ಚಾವಡಿಯಲ್ಲಿ ಒಂದು ರಾತ್ರಿ ನಡೆದ ತಾಳಮದ್ದಳೆ ಅದು. ದೊಡ್ಡಪ್ಪನ ಕರ್ಣ. ನಾಲ್ಕು ಕ್ಯಾಸೆಟ್ಟುಗಳಲ್ಲಿ ಇದ್ದದ್ದನ್ನು 2004ರಲ್ಲಿ ಪೇಟೆಯ ಸ್ಟುಡಿಯೋದಲ್ಲಿ ಎಂಪಿ3 ಮಾಡಿಸಿ ಒಂದೇ ಸಿಡಿಗೆ ಹಾಕಿಸಿದೆವು. ಇನ್ನು ಯಾತಕ್ಕೆ ಎಂದು ಕ್ಯಾಸೆಟ್ಟುಗಳನ್ನು ಬಿಸಾಡಿದೆವು. ದೊಡ್ಡಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಧ್ವನಿ ಈಗ ಇರುವುದು ಈ ಒಂದು ಡಿಸ್ಕಿನಲ್ಲಿ. ಮನೆಯ ಲ್ಯಾಪ್‌ಟಾಪಿಗೆ ಡಿಸ್ಕು ಹಾಕುವ ಜಾಗವೇ ಇಲ್ಲ.

ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಕೇಳಿಕೊಂಡು ಪುತ್ತೂರಿಗೆ ಹೋದೆ. ಅಂಗಡಿಯ ಹುಡುಗ ಮೂರು ಪೆಟ್ಟಿಗೆ ತೆಗೆದಿಟ್ಟು, “ಯಾವುದಾದ್ರೂ ಆಗ್ತದೆ ಮಾರಾಯ್ರೆ, ಎಲ್ಲ ಒಂದೇ” ಎಂದ. ಹಾಗೆ ಹೇಳುವವರು ಅವನೊಬ್ಬನೇ ಅಲ್ಲ. ಕೊಳ್ಳುವವರೂ ಹಾಗೇ ತಿಳಿದಿದ್ದಾರೆ. ಒಂದು ಆಟಿ ತಿಂಗಳಿಡೀ ಮನೆಯ ಅರುವತ್ತಮೂರು ಡಿಸ್ಕುಗಳನ್ನು ಬೇರೆ ಬೇರೆ ಡ್ರೈವುಗಳಿಗೆ ಹಾಕಿ ನೋಡಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲೆ: ಎಲ್ಲ ಒಂದೇ ಅಲ್ಲ. ಹೊಸ ಡಿಸ್ಕನ್ನು ಎಲ್ಲವೂ ಓದುತ್ತವೆ. ಡ್ರೈವಿನ ಯೋಗ್ಯತೆ ತಿಳಿಯುವುದು ಹಳತಾದ, ಗೀರು ಬಿದ್ದ, ಬೂಷ್ಟು ಹಿಡಿದ ಡಿಸ್ಕಿನ ಮುಂದೆ. ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವುದು ಅಂಥವೇ.

ಪುತ್ತೂರು, ಸುಳ್ಯ, ಕಡಬದ ಯಾವ ಮನೆಯ ಕಪಾಟು ತೆರೆದರೂ ಈ ಡಿಸ್ಕುಗಳು ಸಿಗುತ್ತವೆ. ಮದುವೆಯದು, ಉಪನಯನದ್ದು, ಗೃಹಪ್ರವೇಶದ್ದು, ದೇವಸ್ಥಾನದ ಬ್ರಹ್ಮಕಲಶೋತ್ಸವದ್ದು, ನೇಮ ಕೋಲದ್ದು, ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ್ದು. ಯಕ್ಷಗಾನ, ತಾಳಮದ್ದಳೆಯ ಹೆಸರಾಂತ ಕಲಾವಿದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ನಮ್ಮನ್ನು ಅಗಲಿದರು. ಮಾರಾಟಕ್ಕೆ ಬಂದಿದ್ದ ಅವರ ಧ್ವನಿಮುದ್ರಣಗಳು ಹತ್ತು ಕಡೆ ಇರುತ್ತವೆ, ಒಂದು ಹಾಳಾದರೆ ಇನ್ನೊಂದು ಸಿಗುತ್ತದೆ. ಊರಿನ ಹವ್ಯಾಸಿಗಳ ಕೂಟ, ಮನೆಯ ಚಾವಡಿಯ ಮಾತುಗಾರಿಕೆ ಹಾಗಲ್ಲ. ಅವುಗಳಿಗೆ ಪ್ರತಿ ಒಂದೇ. ಆದ್ದರಿಂದ ಡ್ರೈವ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ವೇಗ, ಎಷ್ಟು ತೆಳು’ ಎಂಬುದಲ್ಲ. ‘ಕೆಟ್ಟ ಡಿಸ್ಕನ್ನು ಎಷ್ಟು ತಾಳ್ಮೆಯಿಂದ ಓದುತ್ತದೆ’ ಎಂಬುದು.

ಈ ಪ್ರಶ್ನೆ ಇಟ್ಟುಕೊಂಡು ಮಾರುಕಟ್ಟೆಯನ್ನು ನೋಡಿದರೆ ಮೂರು ಬಗೆ ಕಾಣುತ್ತವೆ.

ಮೊದಲನೆಯದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ತಯಾರಕರ ಹೆಸರು ಗುರುತಿಲ್ಲದ ತೆಳು ಡ್ರೈವ್. ನಾನು ಮೊದಲು ಕೊಂಡದ್ದು ಇದನ್ನೇ. ಗಿಡ್ಡ ಕೇಬಲ್ ಅದರ ಹೊಟ್ಟೆಗೇ ಬೆಸೆದಿದೆ, ತುಂಡಾದರೆ ಬದಲಿಸಲಾಗದು. ಜೊತೆಗೆ ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಎಂದು ನಾಲ್ಕಾರು ತೂತು. ಕಾಣುವಾಗ ಅನುಕೂಲವೆನಿಸುತ್ತದೆ, ಅಡ್ಡಿಯೂ ಅಲ್ಲೇ ಇದೆ. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್, 3.0 ಪೋರ್ಟು 900. ಡಿಸ್ಕು ತಿರುಗಲು ಶುರುವಾಗುವ ಗಳಿಗೆಯಲ್ಲಿ ತೆಳು ಡ್ರೈವ್ ಒಂದು ಆಂಪಿಯರಿನ ಹತ್ತಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಅದೇ ಕೇಬಲಿನಿಂದ ಉಳಿದ ತೂತುಗಳಿಗೂ ಕರೆಂಟು ಹಂಚಿದರೆ ಮೋಟಾರು ಸೋಲುತ್ತದೆ. ಟಿಕ್ ಟಿಕ್ ಎಂದು ಎರಡು ಸಲ ಸದ್ದು ಮಾಡಿ, ಡ್ರೈವ್ ಕಂಪ್ಯೂಟರಿನಿಂದಲೇ ಮಾಯವಾಗುತ್ತದೆ. ನಾವು ಡಿಸ್ಕು ಹಾಳಾಗಿದೆ ಎಂದುಕೊಂಡು ಅದನ್ನು ಬಿಸಾಡುತ್ತೇವೆ. ಈ ಡ್ರೈವಿನ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದು. ತನ್ನ ಸೋಲನ್ನು ಅದು ಡಿಸ್ಕಿನ ತಲೆಗೆ ಕಟ್ಟುತ್ತದೆ.

ಎರಡನೆಯದು ಹೆಸರಿರುವ ತಯಾರಕರ ತೆಳು ಡ್ರೈವ್: ಹಿಟಾಚಿ ಮತ್ತು ಎಲ್‌ಜಿ ಜಂಟಿಯಾಗಿ ಕಟ್ಟಿದ ಕಂಪನಿಯದು, ಆಸುಸ್‌ನದು, ಇಂಥವು. ಬೆಲೆ ಸ್ವಲ್ಪ ಹೆಚ್ಚು. ಒಳಗೆ ಯಾವ ಯಂತ್ರವಿದೆ ಎಂಬುದು ಇಲ್ಲಿ ಗೊತ್ತಿರುತ್ತದೆ, ಹೆಚ್ಚಿನವುಗಳಲ್ಲಿ ಕೇಬಲನ್ನು ಬಿಚ್ಚಿ ಬದಲಿಸಬಹುದು. ಪೆಟ್ಟಿಗೆಯ ಮೇಲೆ ‘ಯುಎಸ್‌ಬಿ 2.0’ ಎಂದಿದ್ದರೆ ಹಿಂಜರಿಯಬೇಕಾಗಿಲ್ಲ. ತೆಳು ಡ್ರೈವ್ ಡಿವಿಡಿಯನ್ನು ಓದುವ ಗರಿಷ್ಠ ವೇಗ 8 ಎಕ್ಸ್, ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿ; ಸಿಡಿಗೆ 24 ಎಕ್ಸ್, ಅಂದರೆ 3.6 ಎಂಬಿ. ಹಳೆಯ ಯುಎಸ್‌ಬಿ ಅದರ ಮೂರು ಪಟ್ಟನ್ನೂ ಸುಲಭವಾಗಿ ಸಾಗಿಸುತ್ತದೆ. ‘3.0’ ಎಂಬ ಅಕ್ಷರಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಓದು ಒಂದು ಚೂರೂ ಬೇಗವಾಗದು. ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ 3.0 ಪೋರ್ಟು ಇದ್ದರೆ ಮಾತ್ರ ಡ್ರೈವನ್ನು ಅದಕ್ಕೇ ಚುಚ್ಚಬೇಕು, ಹೆಚ್ಚು ಕರೆಂಟು ಸಿಗುತ್ತದೆ ಎಂಬ ಕಾರಣಕ್ಕೆ. ಹೊಸ ಲ್ಯಾಪ್‌ಟಾಪಿನಲ್ಲಿ ಸಿ–ಪೋರ್ಟು ಮಾತ್ರ ಇದ್ದರೆ ಸಿ–ಕೇಬಲಿನ ಡ್ರೈವನ್ನೇ ಕೇಳಿ ಪಡೆಯುವುದು ಒಳ್ಳೆಯದು.

ತಟ್ಟೆ ಹೊರಗೆ ಬರುವ ಡ್ರೈವೇ ಇರಲಿ, ಡಿಸ್ಕನ್ನು ಸೀಳಿನೊಳಗೆ ನುಂಗುವ ಡ್ರೈವ್ ಬೇಡ. 2008ರಲ್ಲಿ ಮ್ಯಾಕ್‌ಬುಕ್ ಏರ್ ಜೊತೆಗೆ ಆಪಲ್ ತಂದ ಸೂಪರ್‌ಡ್ರೈವ್ ಆ ಮಾದರಿಯದು. ನೋಡಲು ಬಹಳ ಅಂದ. ಆದರೆ ಕ್ಯಾಮೆರಾಗಳಿಗೆ ಹಾಕುತ್ತಿದ್ದ 8 ಸೆಂಟಿಮೀಟರಿನ ಪುಟ್ಟ ಡಿಸ್ಕನ್ನು ಅದಕ್ಕೆ ಹಾಕುವಂತಿಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ತೊಂದರೆ ಸ್ಟಿಕ್ಕರಿನದು. ಒಂದು ಕಾಲದಲ್ಲಿ ಮದುವೆಯ ಡಿವಿಡಿ ಎಂದರೆ ಮದುಮಕ್ಕಳ ಫೋಟೊ ಅಚ್ಚಾದ ದುಂಡನೆಯ ಸ್ಟಿಕ್ಕರ್ ಅದರ ಮೇಲೆ ಇರಲೇಬೇಕಿತ್ತು. ನನ್ನ ತಂಗಿಯ ಮದುವೆಯ ಡಿಸ್ಕಿನಲ್ಲಿ ಆ ಸ್ಟಿಕ್ಕರ್ ಮಳೆಗಾಲದ ಪಸೆಗೆ ಉಬ್ಬಿ, ಭಾವನ ಪೇಟದ ಹತ್ತಿರ ಹಪ್ಪಳದಂತೆ ಎದ್ದು ನಿಂತಿದೆ. ಸೀಳಿನೊಳಗೆ ಹೋದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ. ತಟ್ಟೆಯ ಡ್ರೈವಿನಲ್ಲೂ ಒಂದು ಬದಿ ಭಾರವಾಗಿ ಡಿಸ್ಕು ಗಡಗಡ ನಡುಗುತ್ತದೆ. ಹಾಗೆಂದು ಸ್ಟಿಕ್ಕರ್ ಕೀಳಬಾರದು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಗೆ ತೀರಾ ಹತ್ತಿರ, ಸ್ಟಿಕ್ಕರಿನೊಂದಿಗೆ ಅದೂ ಎದ್ದು ಬರುತ್ತದೆ. ವೇಗ ಕಡಿಮೆ ಮಾಡಿ ಓದಿಸುವುದೊಂದೇ ದಾರಿ.

ಮೂರನೆಯ ಬಗೆ ಅಂಗಡಿಯಲ್ಲಿ ಸಿಗುವುದಲ್ಲ, ಅಟ್ಟದಲ್ಲಿ ಸಿಗುವುದು. ಹದಿನೈದು ವರ್ಷದ ಹಿಂದಿನ ಡೆಸ್ಕ್‌ಟಾಪ್ ಕಂಪ್ಯೂಟರು ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತಿದೆ. ಅದರ ದಪ್ಪ ಡಿವಿಡಿ ಡ್ರೈವನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಮಾಡುವ ಅಡಾಪ್ಟರಿಗೆ ಜೋಡಿಸಬಹುದು. ಒಂದೇ ಷರತ್ತು: ತೆಳು ಡ್ರೈವಿಗೆ 5 ವೋಲ್ಟ್ ಸಾಕು, ದಪ್ಪದ್ದಕ್ಕೆ 12 ವೋಲ್ಟ್ ಕೂಡ ಬೇಕು, ಆದ್ದರಿಂದ ಗೋಡೆಯ ಪ್ಲಗ್ಗಿಗೆ ಹಾಕುವ ಪ್ರತ್ಯೇಕ ಪವರ್ ಸಪ್ಲೈ ಇರುವ ಅಡಾಪ್ಟರನ್ನೇ ಕೊಳ್ಳಬೇಕು. ಮೋಟಾರು ಗಟ್ಟಿ, ಡಿಸ್ಕನ್ನು ಹಿಡಿಯುವ ಪಟ್ಟು ಭದ್ರ, ಕರೆಂಟಿನ ಬಡತನವಿಲ್ಲ. ನನ್ನ ಪ್ರಯೋಗದಲ್ಲಿ ತೆಳು ಡ್ರೈವುಗಳು ಕೈಚೆಲ್ಲಿದ ಒಂಬತ್ತು ಡಿಸ್ಕುಗಳಲ್ಲಿ ಐದನ್ನು ಈ ಮುದಿ ಡ್ರೈವ್ ಪೂರ್ತಿ ಓದಿತು. ತೆಳುವಿಗೆ ದಕ್ಕಿ ಇದಕ್ಕೆ ದಕ್ಕದ ಡಿಸ್ಕೂ ಒಂದಿತ್ತು. ಪ್ರತಿ ಡ್ರೈವಿನ ಲೇಸರ್ ಕಣ್ಣು ಬೇರೆ, ತಪ್ಪು ತಿದ್ದುವ ರೀತಿ ಬೇರೆ. ಹಾಗಾಗಿ ನನ್ನ ತೀರ್ಮಾನವೂ ಒಂದು ಡ್ರೈವಿನ ಪರವಾಗಿ ಇಲ್ಲ: ಹೆಸರಿರುವ ತೆಳು ಡ್ರೈವ್ ಒಂದು, ಅಟ್ಟದ ದಪ್ಪ ಡ್ರೈವ್ ಒಂದು, ಹೀಗೆ ಜೋಡಿ ಇರಬೇಕು.

ಬ್ಲೂ–ರೇ ಡ್ರೈವ್ ಬೇಕೇ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಬ್ಲೂ–ರೇ ಡಿಸ್ಕು ಇಲ್ಲದಿದ್ದರೆ ಬೇಡ.

ಡಿಸ್ಕು ಯಾಕೆ ಕೆಡುತ್ತದೆ ಎಂಬುದು ತಿಳಿದರೆ ಈ ತೀರ್ಮಾನದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಸಿಲಿಗೆ ಹಾಕಿದ ಅಡಿಕೆಯೂ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿಯುವ ಊರು ನಮ್ಮದು. ಮಧ್ಯ ಅಮೆರಿಕದ ಬೆಲೀಝ್ ಕೂಡ ಇಂಥದೇ ಸೆಕೆ ಮತ್ತು ಪಸೆಯ ನಾಡು. ಅಲ್ಲಿನ ಒಂದು ಸಿಡಿಯನ್ನು ಶಿಲೀಂಧ್ರ ಅಂಚಿನಿಂದ ಒಳಗೆ ತಿನ್ನುತ್ತ ಹೋದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಅಂಚಿನಿಂದ ಎಂಬ ಮಾತು ಮುಖ್ಯ. ಡಿಸ್ಕಿನ ಬರಹ ನಡುವಿನ ತೂತಿನ ಬಳಿ ಶುರುವಾಗಿ ಸುತ್ತುತ್ತ ಅಂಚಿಗೆ ಬರುತ್ತದೆ. ಮದುವೆಯ ಡಿಸ್ಕಿನಲ್ಲಿ ದಿಬ್ಬಣ ಒಳಗಿದೆ, ಹೆಣ್ಣು ಒಪ್ಪಿಸಿಕೊಡುವುದು ಅಂಚಿನ ಹತ್ತಿರ. ಪೂರ್ತಿ ತುಂಬಿದ ತಾಳಮದ್ದಳೆಯ ಡಿಸ್ಕಿನಲ್ಲಿ ಪೀಠಿಕೆ ಒಳಗಿದೆ, ಕರ್ಣಾವಸಾನ ಅಂಚಿನಲ್ಲಿದೆ. ಕೈ ತಾಗುವುದೂ ಪಸೆ ಹೊಗುವುದೂ ಮೊದಲು ಅಂಚಿಗೇ. ಅಂಗಡಿಯಲ್ಲಿ ಡ್ರೈವ್ ಪರೀಕ್ಷಿಸುವಾಗ ಡಿಸ್ಕಿನ ಹೆಸರು ಪರದೆಯಲ್ಲಿ ಮೂಡಿದ ಕೂಡಲೇ ತೃಪ್ತಿಪಡಬಾರದು, ಏಕೆಂದರೆ ಆ ಹೆಸರು ಇರುವುದು ಒಳಸುತ್ತಿನಲ್ಲಿ. ಕೊನೆಯ ಕಡತವನ್ನು ತೆರೆದು ನೋಡಬೇಕು.

ವಿಸಿಡಿಯ ಕಷ್ಟ ಬೇರೆ. ಸಾಮಾನ್ಯ ಡೇಟಾ ಸಿಡಿಯ ಪ್ರತಿ ತುಣುಕಿನಲ್ಲಿ 2,048 ಬೈಟ್ ಮಾಹಿತಿಯೊಂದಿಗೆ ತಪ್ಪು ತಿದ್ದಲೆಂದೇ 276 ಬೈಟ್ ಹೆಚ್ಚುವರಿ ಇರುತ್ತದೆ. ವಿಸಿಡಿಯಲ್ಲಿ ವಿಡಿಯೊಗೆ ಜಾಗ ಸಾಲದೆಂದು ಆ ರಕ್ಷಣೆಯನ್ನು ಬಿಟ್ಟುಕೊಟ್ಟು 2,324 ಬೈಟನ್ನೂ ಚಿತ್ರಕ್ಕೇ ಬಳಸಿದ್ದಾರೆ. ಹಾಗಾಗಿ ಒಂದೇ ಥರದ ಗೀರು ಎಂಪಿ3 ಸಿಡಿಯಲ್ಲಿ ಗೊತ್ತೇ ಆಗದೆ ಹೋದೀತು, ಯಕ್ಷಗಾನದ ವಿಸಿಡಿಯಲ್ಲಿ ವೇಷದ ಮುಖವೇ ಚೌಕ ಚೌಕವಾಗಿ ಒಡೆಯುತ್ತದೆ. ವಿಂಡೋಸಿನಲ್ಲಿ ಸುಮ್ಮನೆ ಕಾಪಿ ಮಾಡಲು ಹೊರಟರೆ ಮೊದಲ ಕೆಟ್ಟ ಜಾಗಕ್ಕೇ ಕೆಲಸ ನಿಲ್ಲುತ್ತದೆ. ಐಸೋಬಸ್ಟರಿನಂಥ ತಂತ್ರಾಂಶ ಕೆಟ್ಟದ್ದನ್ನು ದಾಟಿ ಉಳಿದದ್ದನ್ನು ಹೊರಗೆ ತರುತ್ತದೆ. ಇನ್ನೊಂದು ವಿಷಯ: ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ನುಡಿಸುವ ಸೌಲಭ್ಯ ಜೊತೆಗೇ ಬರುವುದಿಲ್ಲ. ಡ್ರೈವ್ ಸರಿಯಿಲ್ಲ ಎಂದು ಹಿಂದಿರುಗಿಸುವ ಮುಂಚೆ ಉಚಿತವಾಗಿ ಸಿಗುವ ವಿಎಲ್‌ಸಿ ಹಾಕಿ ನೋಡಬೇಕು.

ಒರೆಸುವುದಕ್ಕೂ ಒಂದು ಕ್ರಮವಿದೆ. ಹಳೆಯ ಪಂಚೆಯ ಮೆತ್ತಗಿನ ತುಂಡನ್ನು ಒದ್ದೆ ಮಾಡಿ ನಡುವಿನಿಂದ ಅಂಚಿಗೆ ನೇರ ಎಳೆಯಬೇಕು, ದುಂಡಗೆ ತಿಕ್ಕಬಾರದು. ಬರಹದ ಜಾಡಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಉದ್ದ ಅಳಿದರೂ ಸಿಡಿ ಅದನ್ನು ತಾನೇ ತುಂಬಿಕೊಳ್ಳಬಲ್ಲದು. ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಕೂದಲೆಳೆಯಷ್ಟನ್ನು ಮಾತ್ರ ಅಳಿಸುತ್ತದೆ. ಜಾಡಿನ ಗುಂಟ ಬಿದ್ದ ಗೀರು ಆ ಮಿತಿಯನ್ನು ಬೇಗ ದಾಟಿಬಿಡುತ್ತದೆ.

ಇಷ್ಟೆಲ್ಲ ಯಾಕೆ, ಸ್ಟುಡಿಯೋದವರಿಗೆ ಕೊಟ್ಟರೆ ಅವರೇ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರಲ್ಲ ಎನ್ನಬಹುದು. ಐದಾರು ಡಿಸ್ಕು ಇದ್ದವರು, ಅವೂ ಚೆನ್ನಾಗಿದ್ದರೆ, ಹಾಗೇ ಮಾಡುವುದು ಸರಿ. ಆದರೆ ಕೆಟ್ಟ ಡಿಸ್ಕಿನ ಮುಂದೆ ಮೂರು ಗಂಟೆ ಕೂರುವ ವ್ಯವಧಾನ ಅವರ ವ್ಯಾಪಾರಕ್ಕೆ ಒಗ್ಗದು, ಕೂರಿ ಎನ್ನುವುದು ನ್ಯಾಯವೂ ಅಲ್ಲ. ಆ ವ್ಯವಧಾನ ಇರುವುದು ಮನೆಯವರಿಗೆ. ಒಬ್ಬೊಬ್ಬರೂ ಡ್ರೈವ್ ಕೊಳ್ಳಲೇಬೇಕೆಂದಿಲ್ಲ. ಊರಿನ ಯಕ್ಷಗಾನ ಸಂಘವೋ ಭಜನಾ ಮಂದಿರವೋ ಶಾಲೆಯೋ ಒಂದು ಜೋಡಿ ಇಟ್ಟುಕೊಂಡು ಸರದಿಯಲ್ಲಿ ಕೊಟ್ಟರೆ ಶಾಂತಿಮೊಗರಿನಿಂದ ಕಡಬದವರೆಗಿನ ಮನೆಗಳ ಡಬ್ಬಿಗಳೆಲ್ಲ ಒಂದೆರಡು ವರ್ಷದಲ್ಲಿ ಖಾಲಿಯಾದಾವು. ತುಂಬಿದ ಸಿಡಿ ಎಂದರೆ 700 ಎಂಬಿ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಡಿ ಹಿಡಿಯುತ್ತವೆ. ಅದರ ಒಂದು ಪ್ರತಿ ಬೆಂಗಳೂರಿನಲ್ಲಿರುವ ಮಕ್ಕಳ ಮನೆಯಲ್ಲೂ ಇರಲಿ. ಕ್ಯಾಸೆಟ್ಟು ಎಸೆದ ತಪ್ಪನ್ನು ನಾವು ಎರಡನೆಯ ಸಲ ಮಾಡಬಾರದು.

ಕಾಲವೂ ಕಾಯುವುದಿಲ್ಲ. 1983ರಲ್ಲಿ ಶುರುವಾಗಿ, ಮುಂದೆ ಜಗತ್ತಿನ ದೊಡ್ಡ ಡಿಸ್ಕು ತಯಾರಕರಲ್ಲಿ ಒಂದಾಗಿ ಬೆಳೆದ ನಮ್ಮ ದೇಶದ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಆದೇಶಕ್ಕೆ ಒಳಗಾಯಿತು. 2025ರ ಫೆಬ್ರುವರಿಯಲ್ಲಿ ಸೋನಿ ಬರೆಯಬಹುದಾದ ಬ್ಲೂ–ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಡಿಸ್ಕು ಹೋದ ದಾರಿಯಲ್ಲೇ ಡ್ರೈವೂ ಹೋಗುತ್ತದೆ. ಈಗ ಇನ್ನೂ ಒಳ್ಳೆಯದನ್ನು ಆರಿಸಿ ಕೊಳ್ಳುವಷ್ಟು ಅವಕಾಶವಿದೆ.

‘ಕರ್ಣಪರ್ವ’ದ ಡಿಸ್ಕಿನಲ್ಲಿ ತೆಳು ಡ್ರೈವ್ ಕೊನೆಯ ನಲವತ್ತು ನಿಮಿಷದ ಹತ್ತಿರ ನಿಂತುಬಿಟ್ಟಿತು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಓದಲಾದದ್ದನ್ನೆಲ್ಲ ಮೊದಲು ತೆಗೆದು, ಓದಲಾಗದ ಜಾಗಗಳ ಲೆಕ್ಕವನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಅದೇ ಡಿಸ್ಕನ್ನು ಅಟ್ಟದ ಡ್ರೈವಿಗೆ ಹಾಕಿ, ಅದೇ ಲೆಕ್ಕದ ಕಡತ ಕೊಟ್ಟೆ. ಬಿಟ್ಟುಹೋದ ಜಾಗಗಳನ್ನಷ್ಟೇ ಅದು ಮತ್ತೆ ಮತ್ತೆ ತಡಕಿತು. ಸಂಜೆ ಐದಕ್ಕೆ ಶುರುವಾದದ್ದು ಊಟದ ಹೊತ್ತಿಗೆ ಮುಗಿಯಿತು. ಎರಡು ಕಡೆ ಒಂದೆರಡು ಸೆಕೆಂಡು ತಪ್ಪಿದೆ, ಉಳಿದದ್ದೆಲ್ಲ ಬಂತು.

ಹೊರಗೆ ಮಳೆ ಹೊಡೆಯುತ್ತಿತ್ತು. ದೊಡ್ಡಮ್ಮ ಚಾವಡಿಯ ಅದೇ ಕಂಬಕ್ಕೆ ಒರಗಿ ಕೂತು ಕೇಳಿದರು. ರಥದ ಚಕ್ರ ಹೂತ ಮೇಲಿನ ಕರ್ಣನ ಮಾತು ನಡೆಯುತ್ತಿದ್ದಾಗ, ದೊಡ್ಡಪ್ಪ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆ, ಹಿಂದಿನ ಸಾಲಿನಿಂದ ಯಾರೋ ಎರಡು ಸಲ ಕೆಮ್ಮಿದ್ದು ಕೇಳಿಸಿತು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: “ಅದು ಮಾವ. ಬಾಗಿಲ ಹತ್ತಿರ ಕೂತಿದ್ರು.”