ಹಕ್ಕು ಎಂಬ ಮಾತಿಲ್ಲದ ಭಾಷಣ

ಮೂವತ್ತಾರು ವರ್ಷ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವನು ನಾನು. ಚುನಾವಣಾ ಡ್ಯೂಟಿಯಲ್ಲಿ ಮತಪೆಟ್ಟಿಗೆ ಹೊತ್ತಿದ್ದೇನೆ, ಆಮೇಲೆ ಯಂತ್ರ ಹೊತ್ತಿದ್ದೇನೆ, ಸಾವಿರಾರು ಬೆರಳಿಗೆ ಶಾಯಿ ಹಚ್ಚಿದ್ದೇನೆ. ಆದರೆ ಒಂದೇ ಒಂದು ಪ್ರಚಾರ ಸಭೆಯಲ್ಲಿ ಕೂತವನಲ್ಲ. ನೌಕರಿಯ ನಡತೆ ನಿಯಮ ಒಂದು ಕಾರಣ. ಇನ್ನೊಂದನ್ನು ಹೇಳಲು ನಾಚಿಕೆ. ಅಂಥ ಸಭೆಗೆ ಹೋಗುವವರನ್ನು ಕಂಡರೆ ನಮ್ಮಂಥ ಓದಿದವರಿಗೆ ಒಳಗೊಳಗೇ ತಿರಸ್ಕಾರವಿತ್ತು. 1984ರಲ್ಲಿ, ನೌಕರಿಗೆ ಸೇರುವ ಮೊದಲು, ನಾನೊಂದು ಪದ್ಯ ಬರೆದಿದ್ದೆ. ಲಾರಿ ಹತ್ತಿ ಸಭೆಗೆ ಹೋಗುವ ಕೇರಿಯ ಜನವನ್ನು ಅದರಲ್ಲಿ ಕುರಿಮಂದೆ ಎಂದಿದ್ದೆ. ಗೆಳೆಯರು ಚಪ್ಪಾಳೆ ತಟ್ಟಿದರು. ಕುರಿ ಅನ್ನಿಸಿಕೊಂಡವರು ಯಾರೂ ಆ ಗೋಷ್ಠಿಯಲ್ಲಿರಲಿಲ್ಲ.

ನಿವೃತ್ತನಾದ ಮೇಲೆ, 2023ರ ವಿಧಾನಸಭಾ ಚುನಾವಣೆಯ ಕಾಲಕ್ಕೆ, ಮೊದಲ ಸಲ ಹೋದೆ. ಮೇ 10ಕ್ಕೆ ಮತದಾನ. ಸಭೆ ನಡೆದದ್ದು ಏಪ್ರಿಲ್ ಕೊನೆಯಲ್ಲಿ, ಹೋಬಳಿ ಊರಿನ ಸಂತೆಮಾಳದಲ್ಲಿ. ನಮ್ಮದು ಮೀಸಲು ಕ್ಷೇತ್ರ. ಅಭ್ಯರ್ಥಿಯ ಹೆಸರಾಗಲಿ ಪಕ್ಷದ ಹೆಸರಾಗಲಿ ಇಲ್ಲಿ ಬೇಡ. ಎದುರು ಪಕ್ಷದ ಸಭೆಯೂ ಇದೇ ಮಾಳದಲ್ಲಿ, ಇದೇ ಶಾಮಿಯಾನದವನ ಕೈಲೇ ನಡೆಯಿತು.

ನಾವು ಪುಸ್ತಕವನ್ನು ವಿಮರ್ಶೆ ಮಾಡುತ್ತೇವೆ, ನಾಟಕವನ್ನು ಮಾಡುತ್ತೇವೆ. ನಮ್ಮ ಜನ ಅತಿ ಹೆಚ್ಚು ಕೂತು ಕೇಳುವ ಪ್ರಕಾರವಾದ ಚುನಾವಣಾ ಭಾಷಣವನ್ನು ಯಾಕೆ ಮಾಡುವುದಿಲ್ಲ?

ಮೊದಲು ರಂಗಸಜ್ಜಿಕೆ. ಮುಂದುಗಡೆ ಪ್ಲಾಸ್ಟಿಕ್ ಕುರ್ಚಿ, ಹಿಂದೆ ನೆಲಕ್ಕೆ ಹಾಸಿದ ಟಾರ್ಪಾಲು, ಅದರ ಹಿಂದೆ ಬಿಸಿಲು. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ, ಆದರೂ ಎಲ್ಲರೂ ಸರಿಯಾದ ಜಾಗದಲ್ಲೇ ಕೂತಿದ್ದರು. ಚುನಾವಣಾ ಆಯೋಗದ ವಿಡಿಯೋ ತಂಡದ ಹುಡುಗನೊಬ್ಬ ಕುರ್ಚಿಗಳನ್ನು ಚಿತ್ರ ಹಿಡಿಯುತ್ತಿದ್ದ. ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿಯುಂಟು. ಕುರ್ಚಿಗೆ, ಶಾಮಿಯಾನಕ್ಕೆ, ಮೈಕಿಗೆ ಜಿಲ್ಲಾಡಳಿತ ಇಷ್ಟಿಷ್ಟು ದರವೆಂದು ಕಟ್ಟಿ ಲೆಕ್ಕ ಹಿಡಿಯುತ್ತದೆ. ಟಾರ್ಪಾಲಿನ ಮೇಲೆ ಕೂತವರ ಕಡೆಗೆ ಆ ಕ್ಯಾಮೆರಾ ಒಂದು ಸಲವೂ ತಿರುಗಲಿಲ್ಲ.

ವೇದಿಕೆಯ ಕೆಳಗೆ ನಮ್ಮ ಹುಡುಗರ ತಮಟೆ. ಮೇಲೆ ಕೀಬೋರ್ಡಿನವರು ಹಾಡುತ್ತಿದ್ದುದು ನಮ್ಮದೇ ಜಾಥಾಗಳ ಮಟ್ಟು. ಹಳ್ಳಿ ಹಳ್ಳಿ ತಿರುಗಿ, ಒದೆ ತಿಂದು ಕಟ್ಟಿದ ಹಾಡು ಅದು. ಅನ್ಯಾಯ ಅಂತಿದ್ದ ಕಡೆ ಅಭ್ಯರ್ಥಿಯ ಹೆಸರು ಕೂರಿಸಿದ್ದರು. ಮಾತ್ರೆ ಕೂಡ ತಪ್ಪಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಆದರೆ ತಮಟೆ ಬಡಿಯುವ ಹುಡುಗರ ಮುಖದಲ್ಲಿ ಖುಷಿಯಿತ್ತು, ಅದನ್ನೂ ಬರೆಯಬೇಕು.

ಆಮೇಲೆ ಕ್ರೇನಿನಲ್ಲಿ ಸೇಬಿನ ಹಾರ ಇಳಿಯಿತು. ಅಭ್ಯರ್ಥಿ ಅಂಬೇಡ್ಕರ್ ಫೋಟೋಗೆ ಒಂದು ಹೂಮಾಲೆ ಹಾಕಿ ಕೈ ಮುಗಿದರು. ಬಳಿಕ ವೇದಿಕೆಯಲ್ಲಿ ಸಾಲಾಗಿ ಕೂತಿದ್ದ ಊರ ಯಜಮಾನರ ಕಾಲು ಮುಟ್ಟುತ್ತಾ ಬಂದರು. ಆ ಸಾಲಿನಲ್ಲಿ ನಮ್ಮವರು ಒಬ್ಬರೂ ಇಲ್ಲ. ಇದನ್ನು ಆ ಮನುಷ್ಯನ ಗುಲಾಮಗಿರಿ ಎಂದು ಬೈದು ಮುಗಿಸಬಹುದು. ಆದರೆ ಅವರು ಬಾಗಿದ್ದು 1932ರ ಪೂನಾ ಒಪ್ಪಂದಕ್ಕೆ. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಬಂತು. ದಲಿತರೇ ಮೊದಲು ನಾಲ್ವರನ್ನು ಆರಿಸಬೇಕೆಂಬ ಒಂದು ಷರತ್ತು ಆಗ ಇತ್ತು, ಹತ್ತು ವರ್ಷದ ಮಟ್ಟಿಗೆ. ಅದೂ ಹೋಯಿತು. ಈಗ ನಮ್ಮ ವಿಧಾನಸಭೆಯ 224ರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ. ಮೀಸಲು ಕ್ಷೇತ್ರದಲ್ಲಿ ನಿಂತವರೆಲ್ಲ ನಮ್ಮವರೇ ಆದ್ದರಿಂದ ನಮ್ಮ ಓಟು ಹಂಚಿಹೋಗುತ್ತದೆ, ಗೆಲ್ಲಿಸುವ ಓಟು ಮೇಲಿನ ಬೀದಿಯಲ್ಲಿರುತ್ತದೆ. ಸ್ವತಃ ಅಂಬೇಡ್ಕರರೇ 1952ರಲ್ಲಿ ಮುಂಬಯಿಯಲ್ಲಿ, 1954ರಲ್ಲಿ ಭಂಡಾರದಲ್ಲಿ ಸೋತರು.

ಈ ಲೆಕ್ಕ ಭಾಷಣದ ವ್ಯಾಕರಣವನ್ನೇ ಬದಲಿಸಿದೆ. ಇಪ್ಪತ್ತೈದು ನಿಮಿಷದ ಮಾತು. ವೇದಿಕೆಯ ಮೇಲಿನವರಿಗೆಲ್ಲ ಹೆಸರುಗಳಿದ್ದವು, ಹೆಸರಿನ ಹಿಂದೆ ಮುಂದೆ ಮಾನ್ಯರು, ಅಣ್ಣನವರು ಇದ್ದರು. ಟಾರ್ಪಾಲಿನ ಮೇಲಿದ್ದವರು ಒಟ್ಟಾಗಿ 'ತಾಯಂದಿರು', 'ಬಂಧುಗಳು'. ಕಾಂಕ್ರೀಟ್ ರಸ್ತೆ, ಸಮುದಾಯ ಭವನ, ಬೋರ್‌ವೆಲ್ ಬಂದವು. 'ಆಶೀರ್ವಾದ ಮಾಡಿ' ಎಂಬ ಮಾತನ್ನು ನಾನು ಹನ್ನೊಂದು ಸಲ ಎಣಿಸಿದೆ. 'ಹಕ್ಕು' ಒಂದು ಸಲವೂ ಬರಲಿಲ್ಲ. ಆಶೀರ್ವಾದ ಮಾಡಿದವರು ಏನನ್ನೂ ವಾಪಸು ಕೇಳುವ ಹಾಗಿಲ್ಲ. ದೇವರೂ ಕೇಳುವುದಿಲ್ಲ, ಮುದುಕರೂ ಕೇಳುವುದಿಲ್ಲ. ಓಟು ಹಾಗಲ್ಲ, ಅದು ಕೊಟ್ಟು ಲೆಕ್ಕ ಕೇಳುವ ವಸ್ತು. ಪದ ಬದಲಾಯಿತೆಂದರೆ ಲೆಕ್ಕ ಕೇಳುವ ಬಾಯಿಯೂ ಕಟ್ಟಿತು.

ಇಷ್ಟು ಯೋಚಿಸಿ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಮುದುಕಿ ಎರಡೂ ಕೈ ಎತ್ತಿ ನಿಜವಾಗಿಯೂ ಆಶೀರ್ವಾದ ಮಾಡಿದಳು. 'ವಸಿ ಬಗ್ಗಿ ಕೇಳ್ತಾವ್ನಲ್ಲ ಮೇಷ್ಟ್ರೇ, ನಮ್ನ ಯಾರ್ ಕೇಳಿದ್ರು?' ಅಂದಳು. ಅವಳ ಕೈ ತಗುಲಿದರೆ ಮೈಲಿಗೆ ಅಂದ ಊರಿನಲ್ಲಿ ಅವಳ ಕೈಯನ್ನು ಹರಕೆಗೆ ಕೇಳುವುದು ಅವಳಿಗೆ ಸಣ್ಣದಲ್ಲ. ನನ್ನ ವಿಮರ್ಶೆಗೆ ಇದಕ್ಕೆ ಉತ್ತರ ಇರಲಿಲ್ಲ.

ದುಡ್ಡು ತಗೊಂಡೆಯಾ ಎಂದು ಕೇಳಿದೆ. 'ಊಂ, ಮುನ್ನೂರು. ಬೆಳಿಗ್ಗೆಯಿಂದ ಕೂತಿದೀನಿ, ಕೂಲಿ ಅಲ್ವ ಇದೂವೆ? ಓಟು ಬ್ಯಾರೆ.' ಕಾನೂನು ಇದನ್ನು ಲಂಚ ಅನ್ನಬಹುದು. ಅವಳು ಕೂಲಿಯನ್ನೂ ಓಟನ್ನೂ ಬೇರೆ ಬೇರೆ ಗಂಟು ಕಟ್ಟಿದ್ದಳು. ನನ್ನ ಪದ್ಯಕ್ಕೆ ಇದು ಗೊತ್ತಿರಲಿಲ್ಲ.

ಅವಳ ಮಡಿಲ ಚೀಲದಲ್ಲಿ ಒಂದು ಅರ್ಜಿಯಿತ್ತು. ಮಾವನಿಗೆ ಸರ್ಕಾರ ಕೊಟ್ಟ ಎರಡು ಎಕರೆ ದರಖಾಸ್ತು ಜಮೀನು, ಸಾಲಕ್ಕೆ ಮೇಲಿನವರ ಪಾಲಾಗಿತ್ತು. ಅಂಥ ಪರಭಾರೆಯನ್ನು ರದ್ದು ಮಾಡಲೆಂದೇ ದೇವರಾಜ ಅರಸರ ಕಾಲದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸ ಅವಧಿಯೊಳಗೆ ಬರಬೇಕಿತ್ತು ಎಂದಿತು. ಅದಾದ ಮೇಲೆ ಕಚೇರಿಗಳಲ್ಲಿ ಅರ್ಜಿಗಳು 'ತಡವಾಗಿದೆ' ಎಂಬ ಒಂದೇ ಮಾತಿಗೆ ಬಿದ್ದವು. ಇವಳದೂ ಬಿತ್ತು. ಆ ದಿನಗಳಲ್ಲೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮವರು ಈ ಕಾಯ್ದೆಗೆ ತಿದ್ದುಪಡಿ ಬೇಕೆಂದು ಧರಣಿ ಕೂತಿದ್ದರು. 2023ರ ಜುಲೈನಲ್ಲಿ ವಿಧಾನಮಂಡಲ ಕಾಲಮಿತಿ ಅನ್ವಯವಾಗದೆಂದು ತಿದ್ದುಪಡಿ ತಂದದ್ದು ಆ ಕೂಗಿಗೆ. ನಮ್ಮ ಸಂತೆಮಾಳದ ಭಾಷಣದಲ್ಲಿ ಆ ನಾಲ್ಕು ಅಕ್ಷರ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಜಮೀನು ಯಾರ ಕೈಲಿತ್ತೋ ಅವರು ವೇದಿಕೆಯ ಮೇಲಿದ್ದರು.

ಸಭೆ ಮುಗಿದು ಅಭ್ಯರ್ಥಿ ಇಳಿದಾಗ ಮುದುಕಿ ನುಗ್ಗಿದಳು. ಅವರು ಅರ್ಜಿ ಇಸ್ಕೊಂಡರು, 'ಆಯ್ತು ತಾಯಿ' ಅಂದರು, ಹಿಂದಿದ್ದವನಿಗೆ ಕೊಟ್ಟರು. ಅವನ ತೋಳ ಮೇಲೆ ಸನ್ಮಾನದ ಶಾಲುಗಳ ಹೊರೆ. ಕಾಗದ ಶಾಲಿನೊಳಗೆ ಹೋಯಿತು. ಸೇಬಿನ ಹಾರಕ್ಕೆ ಹುಡುಗರು ಮುಗಿಬಿದ್ದಿದ್ದರು.

ಲಾರಿ ಹತ್ತುವ ಮುಂಚೆ ಅವಳು ನನ್ನ ಹತ್ತಿರ ಬಂದು ಎರಡು ಸೇಬು ಕೈಗಿಟ್ಟಳು. 'ಮೇಷ್ಟ್ರೇ, ಇನ್ನೊಂದ್ ಪ್ರತಿ ಬರ್‍ಕೊಡಿ. ಬುಧವಾರ ಆ ಪಾಲ್ಟಿಯೋರೂ ಬತ್ತಾರೆ. ಈ ಸತಿ ವಸಿ ದೊಡ್ಡ ಅಕ್ಷರದಲ್ಲಿ ಬರೀರಿ.'