ಚತುರಂಗದಲ್ಲಿ ವಿಕಲ್ಪವಿಧಿಯೂ ಬಲಸಾಮ್ಯವೂ

ಬೇಮಳಖೇಡದ ಸೀಮೆಗೆ ನೆರೆಯದಾದ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 1126ರಲ್ಲಿ ಪಟ್ಟವೇರಿದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿದನು. ಐದು ವಿಂಶತಿಗಳುಳ್ಳ ಆ ಗ್ರಂಥವು ರಾಜ್ಯಪ್ರಾಪ್ತಿಯಿಂದ ತೊಡಗಿ ಕ್ರೀಡೆಯಲ್ಲಿ ಮುಗಿಯುತ್ತದೆ. ಚತುರಂಗ, ಪಾಶಕ, ವರಾಟಿಕೆಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವುಂಟು. ಆಟದ ನಿಯಮವೂ ಶಾಸ್ತ್ರವಿಚಾರಕ್ಕೆ ಅರ್ಹವಾದುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಈ ಕಾಲದಲ್ಲಿ ಆ ವಿಚಾರವು ಬೇರೊಂದು ವೇಷದಿಂದ ಬಂದಿದೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಆಡುವವರು ಯೋಧ, ಮಾಂತ್ರಿಕ, ಪುರೋಹಿತ ಎಂಬ ಪಾತ್ರಗಳನ್ನು ವಹಿಸಿ ದಾಳವೆಸೆದು ಕಥೆಯನ್ನು ನಡೆಸುತ್ತಾರೆ. ಅದರ 2014ರ ಆವೃತ್ತಿಯು ಪಾತ್ರಗಳ ಕೆಲವು ವಿಶೇಷ ಸಾಮರ್ಥ್ಯಗಳನ್ನು ಐಚ್ಛಿಕವೆಂದೇ ವಿಧಿಸಿತು. ಐಚ್ಛಿಕ ನಿಯಮವು ಒಂದು ಪಾತ್ರವನ್ನು ಮಿಕ್ಕವುಗಳಿಗಿಂತ ಬಲಿಷ್ಠವಾಗಿಸಿ ಆಟವನ್ನು ಕೆಡಿಸುವುದೆಂದು ಒಂದು ಪಕ್ಷ. ಆಡುವವರ ಸಮ್ಮತಿಯೇ ಪ್ರಮಾಣವೆಂದು ಮತ್ತೊಂದು ಪಕ್ಷ. ಈ ವಿವಾದವನ್ನು ತೂಗಿನೋಡಲು ಪ್ರಾಚೀನ ಚತುರಂಗವೇ ತಕ್ಕ ತಕ್ಕಡಿ.

ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಅಲ್‌ಬಿರೂನಿಯು, ನಾಲ್ವರು ಕೂಡಿ ಎರಡು ದಾಳಗಳಿಂದ ಆಡುವ ಚತುರಂಗವನ್ನು ವರ್ಣಿಸಿದ್ದಾನೆ. ದಾಳದಲ್ಲಿ ಒಂದು ಬಿದ್ದರೆ ಅರಸು ಅಥವಾ ಕಾಲಾಳು, ಎರಡು ಬಿದ್ದರೆ ರಥ, ಮೂರಕ್ಕೆ ಕುದುರೆ, ನಾಲ್ಕಕ್ಕೆ ಆನೆ ನಡೆಯತಕ್ಕದ್ದು. ಅರಸಿಗೆ ಐದು, ಆನೆಗೆ ನಾಲ್ಕು, ಕುದುರೆಗೆ ಮೂರು, ರಥಕ್ಕೆ ಎರಡು, ಕಾಲಾಳಿಗೆ ಒಂದು ಎಂದು ಬೆಲೆ. ಇಲ್ಲಿ ರಥವು ಮೂಲೆಗುಂಟ ಮೂರನೆಯ ಮನೆಗೆ ಮಾತ್ರ ಹೋಗಬಲ್ಲುದು. ಆನೆಯಾದರೋ ಅಡ್ಡಿಯಿಲ್ಲದಷ್ಟು ದೂರ ನೇರವಾಗಿ ನಡೆಯುವುದು. ಬಲ ಹೆಚ್ಚಿದಂತೆ ಬೆಲೆಯೂ ಹೆಚ್ಚಿರುವುದು ಯುಕ್ತವೇ ಸರಿ.

ಆದರೆ ಐದು ಬಿದ್ದರೆ ಒಂದೆಂದೂ, ಆರು ಬಿದ್ದರೆ ನಾಲ್ಕೆಂದೂ ಎಣಿಸಬೇಕೆಂಬ ಆದೇಶವೊಂದುಂಟು. ಆ ಅಂಕಿಗಳ ಆಕಾರಸಾದೃಶ್ಯವೇ ಇದಕ್ಕೆ ಕಾರಣವೆಂದು ಅವನ ಮತ. ಅದರ ಫಲವೇನು? ಪ್ರತಿ ದಾಳದ ಆರು ಮುಖಗಳಲ್ಲಿ ಆನೆಗೆ ಎರಡು ದೊರೆತವು. ಕುದುರೆಗೂ ರಥಕ್ಕೂ ಒಂದೊಂದೇ ಉಳಿದವು. ಐದನ್ನು ಒಂದಾಗಿಸಿದುದಕ್ಕೆ ಸಮರ್ಥನೆಯುಂಟು. ಏಕೆಂದರೆ ಅರಸೂ ನಾಲ್ಕು ಕಾಲಾಳುಗಳೂ ಸೇರಿ ಐದು ಕಾಯಿಗಳು ಆ ಒಂದೇ ಸಂಖ್ಯೆಯನ್ನು ಆಶ್ರಯಿಸಿವೆ. ಆರನ್ನು ನಾಲ್ಕಾಗಿಸಿದುದಕ್ಕೆ ಅಂತಹ ಸಮರ್ಥನೆಯಿಲ್ಲ. ಮೊದಲೇ ಬಲಿಷ್ಠವಾದ ಆನೆಗೆ ಅವಕಾಶವೂ ಇಮ್ಮಡಿಯಾಯಿತು. ಅದರ ಬೆಲೆ ಮಾತ್ರ ನಾಲ್ಕರಲ್ಲಿಯೇ ನಿಂತಿತು. ಬಂಗಾಳದ ರಘುನಂದನನು 16ನೆಯ ಶತಮಾನದ ‘ತಿಥಿತತ್ತ್ವ’ದಲ್ಲಿ ಹೇಳಿದ ಪದ್ಧತಿಯಲ್ಲಿ ಐದಕ್ಕೆ ಅರಸು ಅಥವಾ ಕಾಲಾಳು, ನಾಲ್ಕಕ್ಕೆ ಆನೆ, ಮೂರಕ್ಕೆ ಕುದುರೆ, ಎರಡಕ್ಕೆ ನೌಕೆ ಎಂದಿಷ್ಟೇ ಇರುವುದರಿಂದ, ಆನೆಗೆ ಈ ಅಧಿಕಲಾಭವಿಲ್ಲ.

ಇದಕ್ಕೆ ಎದುರಾದ ದೃಷ್ಟಾಂತವೂ ಅದೇ ವರ್ಣನೆಯಲ್ಲಿದೆ. ತನ್ನ ಅರಸನ್ನು ಉಳಿಸಿಕೊಂಡು ಮಿಕ್ಕ ಮೂವರು ಅರಸರನ್ನೂ ಹಿಡಿದವನಿಗೆ 54 ಸಲ್ಲುತ್ತದೆ. ಆದರೆ ಇದು ಜನಸಮ್ಮತಿಯಿಂದ ಬಂದುದೇ ಹೊರತು ಗಣಿತದಿಂದ ಬಂದುದಲ್ಲವೆಂದು ಅಲ್‌ಬಿರೂನಿಯ ಅಭಿಪ್ರಾಯ. ಇದು ವಿಚಾರಸಹವಲ್ಲ. ಅದೆಂತೆಂದರೆ: ಅರಸು ಐದು, ಆನೆ ನಾಲ್ಕು, ಕುದುರೆ ಮೂರು, ರಥ ಎರಡು, ಕಾಲಾಳುಗಳು ನಾಲ್ಕು, ಕೂಡಿದರೆ ಒಂದು ಸೇನೆಯ ಬೆಲೆ 18. ಮೂರು ಸೇನೆಗಳಿಗೆ 54. ಮೂವರು ಅರಸರು ಬಿದ್ದರೆ ಅವರ ಸೇನೆಗಳೆಲ್ಲವೂ ಗೆದ್ದವನ ಪಾಲೆಂಬುದು ಇದರ ತಾತ್ಪರ್ಯ. ಮಹಾಗಣಿತಜ್ಞನಾದ ಅವನಿಗೆ ಕೇವಲ ರೂಢಿಯೆಂದು ತೋರಿದ ನಿಯಮದಲ್ಲಿ ಅಚ್ಚುಕಟ್ಟಾದ ಲೆಕ್ಕ ಅಡಗಿತ್ತು.

ಹಾಗಾದರೆ ವಿಕಲ್ಪವು ತ್ಯಾಜ್ಯವೇ? ಮೀಮಾಂಸಕರು ವಿಕಲ್ಪದಲ್ಲಿ ಎಂಟು ದೋಷಗಳನ್ನೆಣಿಸಿ, ಗತ್ಯಂತರವಿಲ್ಲದಲ್ಲಿ ಮಾತ್ರ ಅದನ್ನು ಒಪ್ಪಿದ್ದಾರೆ. ಒಪ್ಪಿದಲ್ಲಿಯೂ ಕಟ್ಟಳೆಯುಂಟು: ವ್ರೀಹಿ, ಯವಗಳಲ್ಲಿ ಯಾವುದರಿಂದಲಾದರೂ ಯಾಗ ಮಾಡಬಹುದು, ಆದರೆ ವ್ರೀಹಿಯಿಂದ ತೊಡಗಿದವನು ಆ ಪ್ರಯೋಗವನ್ನು ವ್ರೀಹಿಯಿಂದಲೇ ಮುಗಿಸತಕ್ಕದ್ದು. ಕನ್ನಡನಾಡಿನ ಜಗಲಿಗಳ ಚೌಕಾಬಾರದಲ್ಲಿಯೂ ಈ ವಿವೇಕ ಕಾಣುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದೆಂಬ ನಿಯಮ ಕೆಲವರಲ್ಲಿ ಉಂಟು, ಕೆಲವರಲ್ಲಿ ಇಲ್ಲ. ಇದ್ದರೂ ಇಲ್ಲದಿದ್ದರೂ ಆಟ ಕೆಡದು. ನಡುವೆ ಮಾರ್ಪಡಿಸಿದರೆ ಮಾತ್ರ ಜಗಳ.

ಆದುದರಿಂದ ಎರಡು ಪಕ್ಷಗಳೂ ಅರ್ಧಸತ್ಯಗಳೇ. ಸಮ್ಮತಿಯು ವಿಕಲ್ಪಕ್ಕೆ ಪ್ರವೇಶವನ್ನು ಕೊಡುವುದೇ ಹೊರತು ನ್ಯಾಯವನ್ನು ಕೊಡಲಾರದು. ನಾಲ್ವರೂ ಸಮ್ಮತಿಸಿದ ಮಾತ್ರಕ್ಕೆ ಆನೆಯ ಇಮ್ಮಡಿ ಅವಕಾಶವು ಸಮವಾಗದು. ಹಾಗೆಯೇ ಬಲಸಾಮ್ಯವೆಂದರೆ ಎಲ್ಲ ಕಾಯಿಗಳೂ ಒಂದೇ ಬಲವುಳ್ಳವಾಗಬೇಕೆಂದಲ್ಲ. ಆನೆ ಆನೆಯಾಗಿರಲಿ, ಕಾಲಾಳು ಕಾಲಾಳಾಗಿರಲಿ. ಬಲ, ಅವಕಾಶ, ಬೆಲೆ ಈ ಮೂರೂ ಒಂದಕ್ಕೊಂದು ಹೊಂದಿರಬೇಕು. ವಿಕಲ್ಪವನ್ನು ಆಟಕ್ಕೆ ಮೊದಲೇ ಸಂಕಲ್ಪಿಸಿ, ಅದು ಒಂದನ್ನು ಅಲುಗಿಸಿದರೆ ಮಿಕ್ಕೆರಡನ್ನೂ ಪುನಃ ತೂಗತಕ್ಕದ್ದು. ಆರು ಬಿದ್ದಾಗ ಆನೆಯನ್ನು ನಡೆಸುವ ಸಭೆಯು ಆನೆಯ ಬೆಲೆಯನ್ನೂ ಏರಿಸಲಿ. ಇಲ್ಲವೇ ಆರನ್ನು ಶೂನ್ಯವೆಂದೆಣಿಸಲಿ.